ಹೋತದ ಕೊಂಬು, ಗ್ರೀಕರ ಹುಲ್ಲು

ಜರ್ಮನಿಯಲ್ಲಿ ನಾನು ಮಾಡಿದ ಮೊದಲ ಸಾರು ಕೆಟ್ಟದ್ದು ಒಂದು ಹೆಸರಿನಿಂದ. 2003ರ ಅಕ್ಟೋಬರ್ ಕೊನೆ. ಭಾಷಾಶಾಸ್ತ್ರದ ಸಂಶೋಧನೆಗೆಂದು ಟ್ಯೂಬಿಂಗನ್ನಿಗೆ ಬಂದು ಮೂರು ವಾರವಾಗಿತ್ತು. ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ, ತೊಗರಿಬೇಳೆ ಸಿಗದೆ ಕೆಂಪು ಮಸೂರ್ ಬೇಳೆ ಬೇಯಿಸಿಟ್ಟುಕೊಂಡಿದ್ದೆ. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಇತ್ತು, ಸಾಸಿವೆ ಇತ್ತು, ಜೀರಿಗೆಯ ಪೊಟ್ಟಣ ಸಾಗರದ ಮನೆಯ ಜಗಲಿಯಲ್ಲೇ ಉಳಿದುಬಿಟ್ಟಿತ್ತು. ಕೈಲಿದ್ದ ಪುಟ್ಟ ಇಂಗ್ಲಿಷ್-ಜರ್ಮನ್ ನಿಘಂಟಿನಲ್ಲಿ ಜೀರಿಗೆಯ ಇಂಗ್ಲಿಷ್ ಹೆಸರಿನ ಎದುರು ಎರಡು ಪದ ಕೊಟ್ಟಿದ್ದರು. ಒಂದು ಉದ್ದ, ಒಂದು ಗಿಡ್ಡ. ಗಿಡ್ಡದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ 'ಕ್ಯುಮ್ಮೆಲ್' ಎಂಬ ಡಬ್ಬಿಯನ್ನು ತಂದೆ.

ಕಾಳು ನೋಡಲು ಜೀರಿಗೆಯೇ. ಬಣ್ಣ ತುಸು ಕಪ್ಪು, ಬೆನ್ನು ತುಸು ಬಾಗಿದ್ದು, ಅಷ್ಟೇ. ಎಣ್ಣೆಗೆ ಬಿದ್ದ ಕೂಡಲೇ ವ್ಯತ್ಯಾಸ ತಿಳಿಯಿತು. ಜೀರಿಗೆ ಸಿಡಿದಾಗ ಏಳುವ ಆ ಬೆಚ್ಚನೆಯ, ಮಣ್ಣಿನಂಥ ಘಮ ಬರಲಿಲ್ಲ. ಬಂದದ್ದು ಸೋಂಪಿಗೂ ಪುದೀನಕ್ಕೂ ನಡುವಿನ ತಂಪು ವಾಸನೆ. ಆ ವಾಸನೆ ಪುದೀನದ ಹತ್ತಿರದ್ದೇ ಎಂದು ಆಮೇಲೆ ಓದಿದೆ. ಎರಡರಲ್ಲೂ ಮುಖ್ಯ ಪರಿಮಳ ಕಾರ್ವೋನ್ ಎಂಬ ಒಂದೇ ವಸ್ತುವಿನದು. ಅದರ ಅಣುವಿನ ರಚನೆ ಮಾತ್ರ ಒಂದರಲ್ಲಿ ಎಡಗೈಯಂತೆ, ಇನ್ನೊಂದರಲ್ಲಿ ಬಲಗೈಯಂತೆ. ಅಂದು ರಾತ್ರಿ ಇದೇನೂ ಗೊತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಎರಡು ತುತ್ತು ಉಂಡೆ. ಮೂರನೆಯದು ಗಂಟಲಲ್ಲಿ ಇಳಿಯಲಿಲ್ಲ. ಊರು ಬಿಟ್ಟು ಬಂದ ದುಃಖ ಅಲ್ಲಿಯವರೆಗೆ ಎಲ್ಲಿ ಅಡಗಿತ್ತೋ, ಆ ತಟ್ಟೆಯ ಮುಂದೆ ಎದ್ದು ನಿಂತಿತು.

ಫೋನ್ ಕಾರ್ಡಿನಲ್ಲಿ ಉಳಿದಿದ್ದ ನಿಮಿಷಗಳಲ್ಲಿ ಅಮ್ಮನಿಗೆ ಹೇಳಿದೆ. ಆಕೆ ಎರಡೇ ಪ್ರಶ್ನೆ ಕೇಳಿದಳು. "ಕಾಳು ಬಾಗಿದ್ಯಾ? ಕಪ್ಪಗಿದ್ಯಾ?" ಹೌದೆಂದೆ. "ಹಾಗಾದ್ರೆ ಅದು ಶಾಜೀರಿಗೆ ಕಣೇ. ಜೀರಿಗೆ ಕೇಳಿದ್ರೆ ಶಾಜೀರಿಗೆ ಯಾಕೆ ಕೊಟ್ರು?"

ಯಾಕೆ ಕೊಟ್ಟರು ಎಂಬುದಕ್ಕೆ ಉತ್ತರ ಹುಡುಕಲು ನನಗೆ ಆ ಚಳಿಗಾಲವೆಲ್ಲ ಹಿಡಿಯಿತು.

ಜರ್ಮನ್ ಭಾಷೆಯ 'ಕ್ಯುಮ್ಮೆಲ್' ಹುಟ್ಟಿನಲ್ಲಿ ಜೀರಿಗೆಯದೇ ಹೆಸರು. ಅರಬ್ಬಿಯಲ್ಲಿ ಕಮ್ಮೂನ್, ಹೀಬ್ರೂವಿನಲ್ಲಿ ಕಮ್ಮೋನ್, ಗ್ರೀಕಿನಲ್ಲಿ ಕ್ಯುಮಿನೋನ್, ಲ್ಯಾಟಿನ್ನಿನಲ್ಲಿ ಕುಮಿನುಮ್: ಹೀಗೆ ಕಾಳಿನ ಜೊತೆಗೇ ಹೆಸರೂ ಮೆಡಿಟರೇನಿಯನ್ ದಡದಿಂದ ಉತ್ತರಕ್ಕೆ ನಡೆಯಿತು. ಆದರೆ ಜೀರಿಗೆ ಬಿಸಿಲ ಗಿಡ. ಆಲ್ಪ್ಸ್ ಆಚೆಯ ಹುಲ್ಲುಗಾವಲಿನಲ್ಲಿ ತಾನಾಗಿ ಬೆಳೆಯುತ್ತಿದ್ದುದು ಅದೇ ಕೊತ್ತಂಬರಿ-ಸೋಂಪಿನ ಕುಲದ ಇನ್ನೊಂದು ಗಿಡ, ನಾವು ಶಾಜೀರಿಗೆ ಎನ್ನುವುದು. ಜನ ಹೆಸರನ್ನು ಅದಕ್ಕೆ ಕೊಟ್ಟರು. ರೈ ರೊಟ್ಟಿಗೆ, ಹುಳಿ ಬರಿಸಿದ ಎಲೆಕೋಸಿಗೆ, ಆಲೂಗಡ್ಡೆಗೆ ಅವರು ಹಾಕುವುದು ಅದನ್ನೇ. ಮುಂದೆ ನಿಜವಾದ ಜೀರಿಗೆ ಅಂಗಡಿಗೆ ಬಂದು ನಿಂತಾಗ ಅದರ ಹೆಸರು ಬೇರೆಯವರ ಪಾಲಾಗಿತ್ತು. ಹೀಗಾಗಿ ಅದಕ್ಕೆ ಮುಂದೊಂದು ಪದ ಅಂಟಿಸಿ 'ಕ್ರಾಯ್ಟ್ಸ್‌ಕ್ಯುಮ್ಮೆಲ್' ಎಂದರು. 'ಕ್ರಾಯ್ಟ್ಸ್' ಎಂದರೆ ಶಿಲುಬೆ. ನನ್ನ ನಿಘಂಟಿನ ಉದ್ದದ ಪದ ಇದೇ.

ಇದರಲ್ಲಿ ಜರ್ಮನರ ತಪ್ಪೇನೂ ಇಲ್ಲ. ನಾವು ಮಾಡಿದ್ದೂ ಇದನ್ನೇ. ಮೆಣಸು ಎಂಬ ಪದ ಕನ್ನಡದಲ್ಲಿ ಮೊದಲು ಸೇರಿದ್ದು ಬಳ್ಳಿಯಲ್ಲಿ ಬಿಡುವ ಕರಿಯ ಕಾಳಿಗೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಖಾರದ ಕಾಯಿ ಬಂದಿಳಿಯಿತು. ನಾವು ಅದಕ್ಕೂ ಮೆಣಸಿನ ಹೆಸರನ್ನೇ ಇಟ್ಟು ಮೆಣಸಿನಕಾಯಿ ಎಂದೆವು. ಈಗ ನಮ್ಮ ಕಡೆ ಬರೀ 'ಮೆಣಸು' ಎಂದರೆ ಒಣಮೆಣಸಿನಕಾಯಿ ತಂದುಕೊಡುವವರೇ ಹೆಚ್ಚು. ಮೂಲದ ಒಡೆಯ ಕಾಳುಮೆಣಸಾಗಿ, ಕರಾವಳಿ ಮಲೆನಾಡುಗಳಲ್ಲಿ ಒಳ್ಳೆಮೆಣಸಾಗಿ, ಮುಂದೊಂದು ಪದ ಅಂಟಿಸಿಕೊಂಡು ಓಡಾಡುತ್ತಿದೆ. ಜೀರಿಗೆಗೆ ಜರ್ಮನಿಯಲ್ಲಿ ಆದದ್ದು, ಮೆಣಸಿಗೆ ತನ್ನ ತವರಿನಲ್ಲೇ ಆಯಿತು. ಇನ್ನು ಕರಿಜೀರಿಗೆ ಎಂದು ನಾವು ಕರೆಯುವ ಕಪ್ಪು ಬೀಜ ಜೀರಿಗೆಯ ಕುಲದ್ದೇ ಅಲ್ಲ. ಜರ್ಮನರೂ ಅದನ್ನು 'ಶ್ವಾರ್ಟ್ಸ್‌ಕ್ಯುಮ್ಮೆಲ್', ಅಂದರೆ ಕರಿ ಕ್ಯುಮ್ಮೆಲ್ ಎಂದೇ ಕರೆಯುತ್ತಾರೆ. ಸಾವಿರಾರು ಮೈಲಿ ದೂರದ ಎರಡು ಅಡುಗೆಮನೆಗಳು ಒಂದನ್ನೊಂದು ಕೇಳದೆ ಒಂದೇ ತಪ್ಪು ಮಾಡಿವೆ. ಇದು ತಿಳಿದ ದಿನ ನನಗೆ ಆ ಊರಿನ ಮೇಲಿದ್ದ ಮುನಿಸು ಅರ್ಧ ಇಳಿಯಿತು.

ಜೀರಿಗೆ ಸಿಕ್ಕಿದ ಮೇಲೆ ಅಮ್ಮ ಕೇಳಿದ್ದು ಮೆಂತ್ಯದ ಸುದ್ದಿ. ಅದಕ್ಕೆ ಕಾರಣವಿತ್ತು. ನನಗೆ ಅಲ್ಲಿನ ಚೀಸು, ರೊಟ್ಟಿ ಒಗ್ಗದೆ ಹೊಟ್ಟೆ ಕೆಟ್ಟಿತ್ತು. "ಮೆಂತ್ಯದ ತಂಬುಳಿ ಮಾಡ್ಕೊಂಡು ಎರಡು ದಿನ ಬರೀ ಅನ್ನದ ಜೊತೆ ಉಣ್ಣು, ಸರಿಯಾಗತ್ತೆ" ಎಂದಳು. ನಮ್ಮ ಕಡೆ ಹೊಟ್ಟೆಯ ತೊಂದರೆಗೆ ಡಾಕ್ಟರಿಗಿಂತ ಮೊದಲು ಬರುವುದು ತಂಬುಳಿ. ಒಂದು ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕಲಸಿ, ಉಪ್ಪು ಹಾಕಿದರೆ ಮುಗಿಯಿತು. ಕುದಿಸುವ ಹಾಗಿಲ್ಲ. ಮೆಂತ್ಯ ಕೆಂಪಗಾದಾಗಲೇ ತೆಗೆಯಬೇಕು; ಒಂದು ಕ್ಷಣ ತಡವಾದರೂ ಕಹಿ.

ತುಪ್ಪಕ್ಕೆ 'ಬುಟರ್‌ಶ್ಮಾಲ್ಟ್ಸ್' ಇತ್ತು. ಮಜ್ಜಿಗೆ 'ಬುಟರ್‌ಮಿಲ್ಶ್' ಎಂಬ ಹೆಸರಿನಲ್ಲಿ, ನಮ್ಮದಕ್ಕಿಂತ ದಪ್ಪಗೆ, ಎಲ್ಲ ಅಂಗಡಿಯಲ್ಲೂ. ಒಣ ಕಾಯಿತುರಿಯೂ ಸಿಕ್ಕಿತು. ಮೆಂತ್ಯದ ಹೆಸರು ಮಾತ್ರ ಆ ಪುಟ್ಟ ನಿಘಂಟಿನಲ್ಲಿ ಇರಲೇ ಇಲ್ಲ. ವರ್ಣಿಸಿ ಕೇಳಿದೆ: ಹಳದಿ, ಗಟ್ಟಿ, ಸಣ್ಣ ಕಾಳು. ಅಂಗಡಿಯವರು ಹಳದಿ ಸಾಸಿವೆ ತೋರಿಸಿದರು. ಅಲ್ಲಿ ಸಾಸಿವೆ ಹೆಚ್ಚಾಗಿ ಹಳದಿಯೇ. ದುಂಡಗಲ್ಲ, ಚೌಕ ಎಂದೆ. ಕಹಿ ಎಂದೆ. ಕಹಿ ಕಾಳನ್ನು ಅಡುಗೆಗೆ ಹಾಕುವುದುಂಟೇ ಎಂಬ ಅಚ್ಚರಿ ಅವರ ಮುಖದಲ್ಲಿ ಕಂಡಿತು. ಭಾರತದ ಸಾಮಾನು ಮಾರುವ ಅಂಗಡಿಗೆ ಹೋಗಬೇಕೆಂದರೆ ಸ್ಟುಟ್‌ಗಾರ್ಟಿಗೆ ರೈಲು ಹತ್ತಬೇಕು, ನನಗೆ ಹಾಸಿಗೆಯಿಂದ ಏಳುವ ಶಕ್ತಿಯೂ ಕಡಿಮೆ ಇತ್ತು.

ದಾರಿ ತೋರಿಸಿದ್ದು ಕಿಟ್ಟೆಲ್.

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು ಕನ್ನಡ ಓದಿದವರಿಗೆಲ್ಲ ಗೊತ್ತು. ಸುಮಾರು 70,000 ಪದಗಳ ಆ ಕೆಲಸಕ್ಕೆ ಅವರು ಎರಡು ದಶಕ ಸವೆಸಿದರು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನ್ನ ಸಂಶೋಧನೆಗಾಗಿ ಆ ಕೋಶವನ್ನು ಆಗಾಗ ತೆಗೆದು ನೋಡುತ್ತಿದ್ದೆ. ಆದರೆ ನಾನು ನೋಡುತ್ತಿದ್ದುದು ಕ್ರಿಯಾಪದಗಳನ್ನು. ಹೊಟ್ಟೆನೋವಿನ ಆ ವಾರ, ಕಣ್ಣು ಬೇರೆಯದನ್ನೇ ಗಮನಿಸಿತು. ಗಿಡ, ಮರ, ಬಳ್ಳಿಗಳ ಹೆಸರು ಬಂದಲ್ಲಿ ಕಿಟ್ಟೆಲ್ ಇಂಗ್ಲಿಷ್ ಅರ್ಥಕ್ಕೇ ನಿಲ್ಲುವುದಿಲ್ಲ. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರನ್ನೂ ಕೊಡುತ್ತಾ ಹೋಗುತ್ತಾರೆ. ಧಾರವಾಡದಲ್ಲೋ ಮಡಿಕೇರಿಯಲ್ಲೋ ಯಾರದೋ ಹಿತ್ತಿಲಲ್ಲಿ ನಿಂತು ಕೇಳಿ ಬರೆದುಕೊಂಡ ಪದಕ್ಕೆ, ಯೂರೋಪಿನ ಯಾವ ಪಂಡಿತನೂ ಗುರುತಿಸಬಲ್ಲ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಇಟ್ಟಿದ್ದಾರೆ. ಇಂಗ್ಲಿಷ್ ಹೆಸರುಗಳು ಜಾರುತ್ತವೆ, ಜರ್ಮನ್ ಹೆಸರುಗಳು ಜಾರುತ್ತವೆ, ನಮ್ಮವೂ ಜಾರುತ್ತವೆ ಎಂದು ಜೀರಿಗೆಯ ವಿಷಯದಲ್ಲಿ ಕಲಿತಿದ್ದೆ. ಜಾರದ ಹೆಸರೊಂದಿದೆ ಎಂದು ಅಲ್ಲಿ ಹೊಳೆಯಿತು. ಮೆಂತ್ಯಕ್ಕೆ ಲಿನೇಯಸ್ 1753ರಲ್ಲಿ ಇಟ್ಟ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೆ: ಟ್ರಿಗೊನೆಲ್ಲಾ ಫೀನಮ್-ಗ್ರೀಕಮ್. ಫೀನಮ್-ಗ್ರೀಕಮ್ ಎಂದರೆ ಗ್ರೀಕರ ಒಣಹುಲ್ಲು.

ಲ್ಯಾಟಿನ್ ಚೀಟಿ ಹಿಡಿದು ದಿನಸಿ ಅಂಗಡಿಗೆ ಹೋಗುವಂತಿಲ್ಲ. ಲ್ಯಾಟಿನ್ ಓದುವವರು ಔಷಧಿ ಅಂಗಡಿಯಲ್ಲಿ ಇರುತ್ತಾರೆ. ಹಳೆಯ ಊರಿನ ಕಲ್ಲುಹಾಸಿನ ಬೀದಿಯಲ್ಲಿ ಅಂಥದೊಂದು 'ಅಪೊಟೇಕೆ' ಇತ್ತು. ಗೋಡೆಯುದ್ದಕ್ಕೂ ಮರದ ಸಣ್ಣ ಸಣ್ಣ ಖಾನೆ, ಒಂದೊಂದರ ಮೇಲೂ ಲ್ಯಾಟಿನ್ ಅಕ್ಷರ. ಕೌಂಟರಿನ ಹಿಂದಿದ್ದ ಹಿರಿಯ ಹೆಂಗಸು ಚೀಟಿ ನೋಡಿ, ಒಂದು ಮಾತೂ ಕೇಳದೆ, ಏಣಿ ಹತ್ತಿ ಖಾನೆಯೊಂದನ್ನು ಎಳೆದು ತಂದು ನನ್ನ ಮುಂದಿಟ್ಟರು. ಮೆಂತ್ಯ! ಆ ಖಾನೆ ತೆರೆದಾಗ ಬಂದ ವಾಸನೆಗೆ ನಮ್ಮನೆ ನಾಗಂದಿಗೆಯ ಮೇಲಿನ ಡಬ್ಬಿ, ಬಾಣಂತಿ ಕೋಣೆ, ದೋಸೆಗೆ ನೆನೆಹಾಕಿದ ಪಾತ್ರೆ ಎಲ್ಲ ಒಟ್ಟಿಗೆ ನೆನಪಾದವು.

"ಬೊಕ್ಸ್‌ಹೋರ್ನ್‌ಕ್ಲೇ" ಎಂದರು ಅವರು. ನಾನು ಮತ್ತೆ ಹೇಳಿಸಿದೆ. ಬೊಕ್ ಎಂದರೆ ಹೋತ, ಹೋರ್ನ್ ಎಂದರೆ ಕೊಂಬು, ಕ್ಲೇ ಎಂದರೆ ದನಕ್ಕೆ ಹಾಕುವ ಮೂರೆಲೆಯ ಮೇವಿನ ಗಿಡ. ಹೋತದ ಕೊಂಬಿನ ಮೇವು. ಮೆಂತ್ಯದ ಗಿಡವನ್ನು ಸೊಪ್ಪಿಗೆಂದು ಎಳೆಯದರಲ್ಲೇ ಕೀಳುವ ನಮಗೆ ಅದರ ಕಾಯಿ ಕಾಣಸಿಗುವುದು ಕಡಿಮೆ. ಬಿಟ್ಟು ಬಲಿಸಿದರೆ ಉದ್ದನೆಯ, ತುದಿ ಚೂಪಾದ, ತುಸು ಬಾಗಿದ ಕಾಯಿ ಬಿಡುತ್ತದೆ. ಅದು ಕೊಂಬಿನ ಹಾಗೇ ಇರುತ್ತದೆ. ಎಲೆಯೂ ಮೂರು ಮೂರು. ಹೆಸರಿಟ್ಟವರು ಗಿಡವನ್ನು ಕಣ್ಣಾರೆ ನೋಡಿ ಇಟ್ಟಿದ್ದಾರೆ.

ಯಾವ ಕಾಯಿಲೆಗೆ ಎಂದು ಆಮೇಲೆ ಕೇಳಿದರು. ಹಸಿವಾಗಲು ಕುಡಿಯುವುದಕ್ಕೋ, ಗಾಯದ ಬಾವಿಗೆ ಪಟ್ಟು ಹಾಕುವುದಕ್ಕೋ? ಅಲ್ಲಿ ಮೆಂತ್ಯ ಬಳಕೆಯಲ್ಲಿದ್ದುದು ಹಾಗೆ. ಹಾಲೂಡುವ ತಾಯಂದಿರೂ ಒಯ್ಯುತ್ತಾರೆಂದರು. "ನಮ್ಮಲ್ಲೂ ಬಾಣಂತಿಗೆ ಕೊಡುತ್ತೇವೆ" ಎಂದೆ ನಾನು, ಬಂದಷ್ಟು ಜರ್ಮನ್ನಿನಲ್ಲಿ. ಅವರ ಮುಖ ಅರಳಿತು. ತಂಬುಳಿ ಮಾಡುವ ಕ್ರಮ ಹೇಳಿದೆ. ಇಷ್ಟು ವರ್ಷ ಈ ಬೀಜ ತೂಗಿ ಕೊಟ್ಟಿದ್ದೇನೆ, ಇದನ್ನು ಊಟಕ್ಕೆ ಹಾಕಿ ತಿನ್ನುತ್ತಾರೆಂದು ಇಂದು ಕೇಳಿದೆ ಎಂದರು. ನೂರು ಗ್ರಾಂ ತೂಗಿ ಕಾಗದದ ಚೀಲಕ್ಕೆ ಹಾಕಿ, ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ಎರಡು ಹೆಸರು ಬರೆದುಕೊಟ್ಟರು, ಲ್ಯಾಟಿನ್ ಮೇಲೆ, ಜರ್ಮನ್ ಕೆಳಗೆ. ಆ ಚೀಲ ಈಗಲೂ ನನ್ನಲ್ಲಿದೆ. ಕೆಳಗೆ ನಾನು ಕನ್ನಡದಲ್ಲಿ 'ಮೆಂತ್ಯ' ಎಂದು ಸೇರಿಸಿದ್ದೇನೆ.

ಅಂದು ರಾತ್ರಿಯ ತಂಬುಳಿ ಅಮ್ಮನದಷ್ಟು ನುಣ್ಣಗಿರಲಿಲ್ಲ, ಒಣ ಕಾಯಿತುರಿ ಹಾಲು ಬಿಡುವುದಿಲ್ಲ. ಆದರೂ ಅದು ತಂಬುಳಿಯೇ. ಎರಡು ದಿನದಲ್ಲಿ ಹೊಟ್ಟೆ ಸರಿಹೋಯಿತು.

ಕ್ರಿ.ಶ. 800ರ ಆಸುಪಾಸಿನಲ್ಲಿ, ನಮ್ಮಲ್ಲಿ ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ಕಾಲದಲ್ಲಿ, ಅಲ್ಲಿ ಚಕ್ರವರ್ತಿ ಶಾರ್ಲಮೇನ್‌ನ ಆಡಳಿತ ತನ್ನ ಜಮೀನುಗಳಲ್ಲಿ ಏನೇನು ಬೆಳೆಸಬೇಕೆಂದು ಒಂದು ಆಜ್ಞಾಪತ್ರ ಹೊರಡಿಸಿತು. 'ಕಪಿಟುಲಾರೆ ದೆ ವಿಲ್ಲಿಸ್' ಎಂಬ ಆ ಪತ್ರದ ಗಿಡಗಳ ಪಟ್ಟಿಯಲ್ಲಿ ಜೀರಿಗೆ ಇದೆ, ಶಾಜೀರಿಗೆ ಬೇರೆಯಾಗಿ ಇದೆ, ಮೆಂತ್ಯವೂ ಇದೆ. ಅಂದರೆ ನಾನು ಅಂಗಡಿಯಿಂದ ಅಂಗಡಿಗೆ ಅಲೆದು ಹುಡುಕಿದ್ದು ಆ ನೆಲಕ್ಕೆ ಸಾವಿರದ ಇನ್ನೂರು ವರ್ಷದ ಪರಿಚಯವಿದ್ದ ಕಾಳನ್ನು. ಅವರ ಅಡುಗೆಮನೆ ಅದನ್ನು ಮರೆತಿತ್ತು, ಔಷಧದ ಖಾನೆ ಮರೆತಿರಲಿಲ್ಲ.

ಇಂಗಿನ ಕಥೆ ಬೇರೆ. ಅದರ ಹೆಸರನ್ನು ಅದೇ ಅಪೊಟೇಕೆಯಲ್ಲಿ ಕೇಳಿದಾಗ ಆ ಹೆಂಗಸು 'ಅಸಾಂಟ್' ಎಂದು ಹೇಳಿ, ಸ್ವಲ್ಪ ತಡೆದು, ಹಳಬರು ಕರೆಯುವ ಇನ್ನೊಂದು ಹೆಸರನ್ನೂ ಹೇಳಿದರು: 'ತೊಯ್ಫೆಲ್ಸ್‌ಡ್ರೆಕ್'. ಸೈತಾನನ ಹೊಲಸು ಎಂದರ್ಥ. ಅಮ್ಮನಿಗೆ ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಆಕೆಗೆ ನಿಜವಾಗಿ ನೋವಾಯಿತು. "ಈರುಳ್ಳಿ ಬೆಳ್ಳುಳ್ಳಿ ಸೇರಿಸದ ದೇವರ ನೈವೇದ್ಯಕ್ಕೂ ಇಂಗು ಹಾಕ್ತೀವಿ. ಅದಕ್ಕೆ ಅಂಥ ಹೆಸರಾ?" ಎಂದಳು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆಯಲ್ಲಿ ಬೆಳೆದವಳು ಆಕೆ. ಇಂಗು ನಮಗೂ ಹೊರಗಿನದೇ, ಇರಾನ್ ಅಫ್ಘಾನಿಸ್ತಾನಗಳ ಬೆಟ್ಟದ ಗಿಡದ ಬೇರಿನಿಂದ ಒಸರುವ ಅಂಟು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ನಮ್ಮ ವಿಜ್ಞಾನಿಗಳು ಅದರ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಆದರೂ ನಾನು ಅಮ್ಮನ ಪಕ್ಷ. ಎಣ್ಣೆಯಲ್ಲಿ ಅರಳಿದ ಇಂಗನ್ನು ಮೂಸದೆ ಹಸಿಯ ವಾಸನೆಗೇ ಮೂಗು ಮುಚ್ಚಿಕೊಂಡವರು ಇಟ್ಟ ಹೆಸರು ಅದು. ಮೆಂತ್ಯಕ್ಕೆ ಹೆಸರಿಟ್ಟವರಂತೆ ಇವರು ವಸ್ತುವಿನ ಬಳಿ ನಿಂತು ನೋಡಿದವರಲ್ಲ.

ಕೆಲವು ಹೆಸರಿಗೆ ಹುಡುಕಾಟವೇ ಬೇಕಾಗಲಿಲ್ಲ. ಏಲಕ್ಕಿ ಕಾರ್ಡಮೋಮ್, ಅರಿಶಿನ ಕುರ್ಕುಮಾ, ಎಳ್ಳು ಸೇಸಾಮ್. ಮೆಣಸಿನ ಜರ್ಮನ್ ಹೆಸರು 'ಫೆಫರ್' ನಮ್ಮ ಹಿಪ್ಪಲಿಯ, ಸಂಸ್ಕೃತದ ಪಿಪ್ಪಲಿಯ ದೂರದ ಮೊಮ್ಮಗು. ಗ್ರೀಕ್, ಲ್ಯಾಟಿನ್ ದಾಟಿ ಅಲ್ಲಿಗೆ ಹೋದದ್ದು. ಶುಂಠಿಯ 'ಇಂಗ್ವರ್' ಕೂಡ ಸಂಸ್ಕೃತದ ಶೃಂಗವೇರದ ದಾರಿಯಲ್ಲೇ ಹೋದ ಪದ. ಕ್ರಿಸ್‌ಮಸ್ಸಿಗೆ ಅವರು ಮಾಡುವ ಲೇಬ್‌ಕೂಖನ್ ಎಂಬ ಸಿಹಿ ರೊಟ್ಟಿಯಲ್ಲಿ ಏಲಕ್ಕಿ, ಲವಂಗ, ದಾಲ್ಚಿನ್ನಿ, ಶುಂಠಿ ಬೀಳುತ್ತವೆ. ಡಿಸೆಂಬರಿನಲ್ಲಿ ಆ ಬೀದಿಗಳಲ್ಲಿ ನಡೆದರೆ ಬೇಕರಿಗಳಿಂದ ನಮ್ಮ ಘಟ್ಟದ ವಾಸನೆ.

ಮತ್ತೆ ಓಮ. ಓಮದ ಜರ್ಮನ್ ಹೆಸರು ಅಜೋವಾನ್, ಹಳೆಯದು 'ಕ್ಯೋನಿಗ್ಸ್‌ಕ್ಯುಮ್ಮೆಲ್', ರಾಜನ ಕ್ಯುಮ್ಮೆಲ್. ಆದರೆ 'ಓಮಾ' ಎಂಬ ಪದ ಜರ್ಮನ್ನಿನಲ್ಲೂ ಇದೆ. ಅಜ್ಜಿ ಎಂದರ್ಥ. ನಿಲಯದ ಪಕ್ಕದ ಮನೆಯಲ್ಲಿದ್ದ ಎಂಬತ್ತರ ಅಜ್ಜಿಯನ್ನು ಅವರ ಮೊಮ್ಮಕ್ಕಳು ಓಮಾ ಎಂದು ಕೂಗುವಾಗಲೆಲ್ಲ ನನಗೆ ಊರಿನ ಅಜ್ಜಿ ಕೂಸಿನ ಹೊಟ್ಟೆಯುಬ್ಬರಕ್ಕೆ ಕುದಿಸುತ್ತಿದ್ದ ಓಮದ ನೀರು ನೆನಪಾಗುತ್ತಿತ್ತು. ಈ ಓಮಾ ಅದೇ ತೊಂದರೆಗೆ ಸೋಂಪು, ಆನಿಸ್, ಕ್ಯುಮ್ಮೆಲ್ ಮೂರನ್ನೂ ಕುದಿಸಿ ಕೊಡುತ್ತಿದ್ದರು. ಜರ್ಮನಿಯ ಮನೆಮನೆಯಲ್ಲಿ ಇರುವ ಕಷಾಯ ಅದು. ನನ್ನ ಸಾರು ಕೆಡಿಸಿದ ಕಾಳಿನ ಸರಿಯಾದ ಜಾಗ ಯಾವುದೆಂದು ಅವರ ಮನೆಯಲ್ಲಿ ನೋಡಿದೆ. ಅಂದಿನಿಂದ ಕ್ಯುಮ್ಮೆಲ್ ಮೇಲೆ ನನಗೆ ಕೋಪವಿಲ್ಲ.

ಆ ಊರಿನ ಬಗ್ಗೆ ಎರಡು ಸಂಗತಿ ನನಗೆ ತಡವಾಗಿ ತಿಳಿಯಿತು. ಗಿಡಗಳಿಗೆ ಲ್ಯಾಟಿನ್ ಹೆಸರಿನ ಜೊತೆ ಜರ್ಮನ್ ಹೆಸರನ್ನೂ ಚಿತ್ರವನ್ನೂ ಸೇರಿಸಿ ಗ್ರಂಥ ಮಾಡಿದ ಲಿಯೋನ್‌ಹಾರ್ಟ್ ಫುಕ್ಸ್ 1535ರಿಂದ ಟ್ಯೂಬಿಂಗನ್ನಿನಲ್ಲೇ ವೈದ್ಯಶಾಸ್ತ್ರದ ಪ್ರಾಧ್ಯಾಪಕ. ಲ್ಯಾಟಿನ್ ಗ್ರಂಥ 1542ರದು, ಮರುವರ್ಷ ಜರ್ಮನ್ನಿನದು. ಅಮೆರಿಕದ ಮೆಣಸಿನಕಾಯಿಯನ್ನು ಅವರು ಅದರಲ್ಲಿ ಚಂದವಾಗಿ ಬರೆಸಿ, ಅದು ಭಾರತದ್ದೆಂದು ಬಗೆದು, ಕಲ್ಲಿಕೋಟೆಯ ಮೆಣಸು ಎಂದು ಕರೆದಿದ್ದಾರೆ. ಅಷ್ಟು ದೊಡ್ಡ ವಿದ್ವಾಂಸರೂ ಹೆಸರಿನಲ್ಲಿ ಜಾರಿದ್ದನ್ನು ಕಂಡು, ಅವರ ಮೇಲಿನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಇನ್ನೊಂದು ಸಂಗತಿ ಕಿಟ್ಟೆಲರದು. ಕರ್ನಾಟಕದಿಂದ ಮರಳಿದ ಮೇಲೆ ಅವರು ನೆಲೆಸಿದ್ದು ಟ್ಯೂಬಿಂಗನ್ನಿನಲ್ಲಿ. ಆ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1903ರ ಡಿಸೆಂಬರಿನಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ನಾನು ಮೆಂತ್ಯಕ್ಕಾಗಿ ಚೀಟಿ ಹಿಡಿದು ಅಲೆದದ್ದು ಅವರು ಹೋಗಿ ಸರಿಯಾಗಿ ನೂರು ವರ್ಷ ತುಂಬಿದ ಚಳಿಗಾಲದಲ್ಲಿ. ಕನ್ನಡದ ತುದಿಯಿಂದ ಲ್ಯಾಟಿನ್ನಿಗೆ ಒಬ್ಬರು, ಜರ್ಮನ್ ತುದಿಯಿಂದ ಲ್ಯಾಟಿನ್ನಿಗೆ ಇನ್ನೊಬ್ಬರು, ಇಬ್ಬರೂ ಅದೇ ಕಲ್ಲುಹಾಸಿನ ಬೀದಿಗಳಲ್ಲಿ ನಡೆದವರು. ಗೊತ್ತಿದ್ದರೆ ನೆಕರ್ ನದಿಯ ಸೇತುವೆಯ ಮೇಲೆ ನಿಂತು ಅವರಿಬ್ಬರಿಗೂ ಒಂದು ನಮಸ್ಕಾರ ಹೇಳುತ್ತಿದ್ದೆ. ಈಗ ಇಲ್ಲಿಂದಲೇ ಹೇಳುತ್ತೇನೆ.

ಕಳೆದ ವರ್ಷ ಅಕ್ಕನ ಮಗಳು ಮ್ಯೂನಿಕ್‌ಗೆ ಓದಲು ಹೋದಳು. ಅವಳ ಕೈಲಿ ಎಲ್ಲ ಭಾಷೆಯನ್ನೂ ಅನುವಾದಿಸುವ ಫೋನು ಇದೆ, ಅವಳ ಬೀದಿಯಲ್ಲೇ ಭಾರತದ ಸಾಮಾನಿನ ಅಂಗಡಿಯಿದೆ. ಮೊದಲ ಭಾನುವಾರ ನನಗೆ ಫೋನ್ ಮಾಡಿದಳು. "ಚಿಕ್ಕಮ್ಮ, ಸಾರು ಯಾಕೋ ಬೇರೆ ವಾಸನೆ ಬರ್ತಿದೆ." ಡಬ್ಬಿಯ ಹೆಸರು ಓದು ಎಂದೆ. ಓದಿದಳು. ಇಪ್ಪತ್ತು ವರ್ಷದ ಹಿಂದೆ ನಾನು ತಂದ ಡಬ್ಬಿಯೇ ಅದು.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಜೀರಿಗೆ, ಮೆಂತ್ಯ, ಓಮ ಕಟ್ಟಿಕೊಡುವಾಗ ಪೊಟ್ಟಣದ ಮೇಲೆ ಮನೆಯಲ್ಲಿ ಕರೆಯುವ ಹೆಸರನ್ನು ಬರೆಯಿರಿ, ಅದರ ಕೆಳಗೆ ಲ್ಯಾಟಿನ್ ಹೆಸರನ್ನೂ ಬರೆಯಿರಿ. ಪೊಟ್ಟಣ ಖಾಲಿಯಾದರೂ ಚೀಟಿ ಉಳಿಯುತ್ತದೆ. ಜೀರಿಗೆಗೆ ಕುಮಿನಮ್ ಸೈಮಿನಮ್. ಕ್ಯಾರಮ್ ಕಾರ್ವಿ ಎಂದಿದ್ದರೆ ಅದು ಶಾಜೀರಿಗೆ, ಸಾರಿಗೆ ಬೇಡ.